ಕ್ರಿಸ್‌ಮಸ್ ರಜಕ್ಕೆ ಮುಯ್ಯಾಳು

"ಏನ್ ಕಣಪ್ಪ, ಸೆಂಟು ಹೊಡ್ಕಂಡ್ ಬಂದಿದ್ದೀಯಾ? ಹುಳಿನ ಮನೆ ಒಳೀಕೆ ಬರಬ್ಯಾಡ, ಅಲ್ಲೇ ನಿಂತ್ಕೊ!"

ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ, ಡಿಸೆಂಬರ್ 26ರ ಬೆಳಗ್ಗೆ ಏಳು ಗಂಟೆ. ರಜದಲ್ಲಿ ಹಳ್ಳಿಗೆ ಹೋಗಿ ಕೈಲಾದ ಕೆಲಸ ಮಾಡಿ ಬರೋಣ ಎಂದು ಬೆಂಗಳೂರಿನಿಂದ ಹೊರಟ ನಾವು ನಾಲ್ವರು ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲಿ ನಿಂತಿದ್ದೆವು. ಆ ಮನೆಯ ಅಜ್ಜಿ ನಮ್ಮನ್ನು ಮೂಗಿನಲ್ಲೇ ತಪಾಸಣೆ ಮಾಡಿ ಮುಗಿಸಿದ್ದರು. ನನ್ನ ಮೈಮೇಲೆ ಬಾಡಿ ಸ್ಪ್ರೇ, ಗೆಳೆಯನ ಕೈಕಾಲಿಗೆಲ್ಲ ಸೊಳ್ಳೆ ಕ್ರೀಮು. ಒಳಗೆ ಹುಳು ನಾಲ್ಕನೇ ಜ್ವರ ಎದ್ದು ಎರಡು ದಿನ ಆಗಿತ್ತು. ಒಂದು ತಿಂಗಳ ದುಡಿಮೆಯೆಲ್ಲ ಆ ತಟ್ಟೆಗಳ ಮೇಲೆ ಹರಿದಾಡುತ್ತಿರುವಾಗ ಅಜ್ಜಿ ನಮ್ಮ ಉತ್ಸಾಹ ನೋಡುತ್ತಾರೆಯೇ? ಆ ದಿನ ನಮ್ಮ ಸೇವೆಯೆಂದರೆ ಜಗಲಿಯ ಮೇಲೆ ಕೂತು ಒಂದು ಮಂಕರಿ ಅವರೆಕಾಳು ಹಿತುಕಿದ್ದು.

ಹಿತುಕುವಾಗಲೇ ಅಜ್ಜಿ ಒಂದು ಮಾತು ಕೇಳಿದರು. "ಕೂಲಿ ಬ್ಯಾಡ ಅಂತೀರ, ಮುಯ್ಯಿಗಾ ಬಂದಿರಾದು?" ಈ ಸೀಮೆಯಲ್ಲಿ ನಿಮ್ಮ ಹೊಲಕ್ಕೆ ಇವತ್ತು ನಾವು ನಾಲ್ಕಾಳು ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು ನಾಲ್ಕಾಳು ಬರಬೇಕು. ದುಡ್ಡಿನ ಮಾತಿಲ್ಲ, ಊಟ ಮಾತ್ರ. ಹಾಗೆ ಬಂದವರು ಮುಯ್ಯಾಳು. ಸ್ವಯಂಸೇವಕ ಎನ್ನುವ ಪದಕ್ಕಿಂತ ನನಗೆ ಇದೇ ಹೆಚ್ಚು ಸರಿ ಅನಿಸಿತು. ಬೆಂಗಳೂರಿನ ಹಾಲು, ಮಾವು, ರೇಷ್ಮೆ ಈ ಕಡೆಯಿಂದ ಹೋಗುತ್ತವೆ. ತಿಪ್ಪಗೊಂಡನಹಳ್ಳಿಯ ಅರ್ಕಾವತಿ ನೀರನ್ನು ನಗರ 1930ರ ದಶಕದಿಂದ ಎಷ್ಟೋ ಕಾಲ ಕುಡಿದಿದೆ. ತೊರೆಕಾಡನಹಳ್ಳಿಯಿಂದ ಪಂಪಾಗುವ ಕಾವೇರಿ ನೀರು ಹಾರೋಹಳ್ಳಿಯ ಮೇಲೇ ಹಾದು ಹೋಗಬೇಕು. ಮುಯ್ಯಿ ಬಾಕಿ ಇರುವುದು ಯಾರ ಕಡೆ ಎಂದು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಈ ಕ್ರಿಸ್‌ಮಸ್‌ಗೆ ಗೋವಾ ಬಿಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹೊರಡಬೇಕು ಅನ್ನುವವರಿಗೆ ಒಂದಿಷ್ಟು ವಿವರ. 2007ರಲ್ಲಿ ರಾಮನಗರ ಜಿಲ್ಲೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಜಿಲ್ಲೆ ಇದು. ಬಸ್ಸಿನ ಕಂಡಕ್ಟರನ ಬಾಯಲ್ಲಿ ಇನ್ನೂ ರಾಮನಗರವೇ.

ಮೊದಲು ಊರಿನ ಕ್ಯಾಲೆಂಡರ್

ನಿಮಗೆ ರಜ ಇದೆ ಎಂದರೆ ಊರಿಗೂ ರಜ ಎಂದುಕೊಳ್ಳುವುದು ಮೊದಲ ತಪ್ಪು. ಬೆಂಗಳೂರಿನ ಖಾಸಗಿ ಶಾಲೆಗೆ, ಕಂಪನಿಗೆ ಡಿಸೆಂಬರ್ ಕೊನೆಯ ವಾರ ಬಿಡುವು. ಇಲ್ಲಿನ ಸರ್ಕಾರಿ ಶಾಲೆಗೆ ದೊಡ್ಡ ರಜ ಮುಗಿದಿರುವುದು ದಸರಾಕ್ಕೇ. ಡಿಸೆಂಬರ್‌ನಲ್ಲಿ 25 ಒಂದು ದಿನ ಬಾಗಿಲು ಹಾಕಿ 26ಕ್ಕೆ ಮತ್ತೆ ಗಂಟೆ ಹೊಡೆಯುತ್ತದೆ. ಅಂದರೆ ನಿಮ್ಮ ಬಿಡುವಿನ ದಿನಗಳಲ್ಲಿ ಶಾಲೆ ನಡೆಯುತ್ತಿರುತ್ತದೆ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಇದು ಅನುಕೂಲ. ಆದರೆ ಮೇಷ್ಟ್ರಿಗೆ ಇದು ಪ್ರವಾಸ, ಶಾಲಾ ವಾರ್ಷಿಕೋತ್ಸವ, ಹತ್ತನೇ ತರಗತಿಯ ವಿಶೇಷ ತರಗತಿ ಎಲ್ಲ ಒಟ್ಟಿಗೆ ಮುತ್ತುವ ಕಾಲ. ಹೇಳದೆ ಕೇಳದೆ ಗೇಟಿನ ಮುಂದೆ ಇಳಿದರೆ ಅವರಿಗೆ ನೀವು ಇನ್ನೊಂದು ಕೆಲಸ.

ಹೊಲದ ಲೆಕ್ಕವೇ ಬೇರೆ. ನವೆಂಬರ್‌ನಿಂದ ರಾಗಿ ಕೊಯ್ಲು, ಡಿಸೆಂಬರ್ ಜನವರಿಯಲ್ಲಿ ಒಕ್ಕಣೆ. ಜೊತೆಗೆ ಅವರೆ ಬಿಡಿಸುವುದು, ಹುರುಳಿ ಕೀಳುವುದು. ಗಿಡ ನೆಡುವ ಆಸೆ ಇದ್ದವರಂತೂ ಆರು ತಿಂಗಳು ತಡ. ಇದು ನೆಟ್ಟದ್ದಕ್ಕೆ ನೀರು ಹೊರುವ ಕಾಲ. ಜೂನ್‌ನಲ್ಲಿ ಫೋಟೋ ತೆಗೆಸಿಕೊಂಡು ನೆಟ್ಟ ಸಸಿ ಸಾಯುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. 2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಬೆಳೆಸಿದ 385 ಆಲದ ಮರ ಅಲ್ಲಿವೆ. ನೆಟ್ಟದ್ದು ದೊಡ್ಡದಲ್ಲ, ಕೊಡದಲ್ಲಿ ನೀರು ಹೊತ್ತು ಮುಳ್ಳಿನ ಬೇಲಿ ಕಟ್ಟಿದ್ದು ದೊಡ್ಡದು. ಯಾವುದಾದರೂ ಶಾಲೆಯ ಆವರಣದಲ್ಲೋ ಗುಂಡುತೋಪಿನಲ್ಲೋ ಕಳೆದ ಮಳೆಗಾಲದಲ್ಲಿ ನೆಟ್ಟ ಸಸಿಗಳನ್ನು ಹುಡುಕಿ, ಬುಡ ಸಡಿಲಿಸಿ, ಪಾತಿ ಮಾಡಿ, ಒಣ ಸೊಪ್ಪು ಹೊದಿಸಿ, ಮೇಕೆ ಬಾಯಿ ಹಾಕದಂತೆ ಬೇಲಿ ಕಟ್ಟಿ ಬಂದರೆ ಅದೊಂದೇ ವಾರದ ಕೆಲಸ.

ಯಾರನ್ನು ಕೇಳುವುದು? ಎಲ್ಲರೂ ಪಂಚಾಯಿತಿ ಪಿಡಿಒ ಹೆಸರು ಹೇಳುತ್ತಾರೆ. ಅವರಿಗೆ ತಿಳಿಸಿರಬೇಕು, ಸರಿ. ಆದರೆ ಊರಿನಲ್ಲಿ ಯಾರ ಮನೆಯಲ್ಲಿ ಆಳಿಲ್ಲ, ಯಾರ ಮಗ ಬೆಂಗಳೂರು ಸೇರಿ ಮುದುಕ ಮುದುಕಿ ಇಬ್ಬರೇ ಇದ್ದಾರೆ, ಯಾರಿಗೆ ಕೈ ಮುರಿದಿದೆ ಎಂದು ನಿಖರವಾಗಿ ಗೊತ್ತಿರುವುದು ಹಾಲಿನ ಡೇರಿ ಕಾರ್ಯದರ್ಶಿಗೆ. ದಿನಕ್ಕೆ ಎರಡು ಸಲ ಇಡೀ ಊರು ಕ್ಯಾನು ಹಿಡಿದು ಅವರ ಮುಂದೆ ನಿಲ್ಲುತ್ತದೆ. ಅವರನ್ನು ಬಿಟ್ಟರೆ ಆಶಾ ಕಾರ್ಯಕರ್ತೆ. ನವೆಂಬರ್ ಕೊನೆಗೇ ಒಂದು ಸಲ ಹೋಗಿ ಮುಖ ತೋರಿಸಿ ಬನ್ನಿ. ಫೋನಿನಲ್ಲಿ "ಬನ್ನಿ ಬನ್ನಿ" ಅನ್ನುವುದು ಈ ಕಡೆಯ ಮರ್ಯಾದೆ, ಅದನ್ನೇ ಒಪ್ಪಿಗೆ ಎಂದು ತಿಳಿಯಬೇಡಿ.

ಕಾಲೇಜು ವಿದ್ಯಾರ್ಥಿಗಳಿಗೆ ದಾರಿ ಇನ್ನೂ ಸಲೀಸು. ಗಾಂಧಿ ಶತಾಬ್ದಿಯ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆಯ ಕೆಲಸ, ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನ ಎನ್ನುವ ಲೆಕ್ಕ ಯಾರು ಹಾಕಿದರೋ, ಸರಿಯಾಗಿ ಹಾಕಿದ್ದಾರೆ. ಮೊದಲ ಎರಡು ದಿನ ನೀವು ಊರಿಗೆ ಭಾರ, ಮೂರನೆಯ ದಿನ ದಾರಿ ಗೊತ್ತಾಗುತ್ತದೆ, ಉಪಯೋಗಕ್ಕೆ ಬರುವುದು ನಾಲ್ಕನೆಯ ದಿನದಿಂದ. ನಾಲ್ಕು ತಾಲ್ಲೂಕಿಗೂ ಒಂದೊಂದು ದಿನ ಹಂಚಿಕೊಂಡು ಓಡಾಡುವವರಿಗೆ ನನ್ನ ಸಲಹೆ, ಅದನ್ನು ಟೂರು ಎಂದೇ ಕರೆಯಿರಿ.

ಕಣ ಮತ್ತು ಹುಳಿನ ಮನೆ

ರಾಗಿ ಕೊಯ್ಯುವುದು ನೋಡುವುದಕ್ಕೆ ಸುಲಭ. ಎಡಗೈಯಲ್ಲಿ ಹಿಡಿ ತುಂಬ ಕಡ್ಡಿ ಹಿಡಿದು ಬಲಗೈ ಕುಡುಗೋಲನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಹೊಸಬರು ಕುಯ್ದುಕೊಳ್ಳುವುದು ಎಡಗೈ ಕಿರುಬೆರಳನ್ನೇ. ಆದ್ದರಿಂದ ಮೊದಲ ದಿನ ಕುಡುಗೋಲು ಮುಟ್ಟದೆ, ಕೊಯ್ದು ಹಾಕಿದ ಅರಿಯನ್ನು ಕಂತೆ ಕಟ್ಟುವುದು, ಹೊರೆ ಹೊತ್ತು ಮೆದೆಯ ಬಳಿ ಹಾಕುವುದು ಮಾಡಿ. ತುಂಬು ತೋಳಿನ ಹಳೇ ಅಂಗಿ ಇರಲಿ. ಸುಂಕು ಮೈಗೆ ಹತ್ತಿದರೆ ರಾತ್ರಿಯೆಲ್ಲ ಕೆರೆತ. ಮೆದೆಯ ಬುಡಕ್ಕೆ ಬರಿಗೈ ಹಾಕಬೇಡಿ. ಕಾಳಿಗೆ ಇಲಿ, ಇಲಿಗೆ ಹಾವು. ಚಳಿಗಾಲದಲ್ಲಿ ಕೊಳಕುಮಂಡಲ ಅಂಥ ಕಡೆ ಬೆಚ್ಚಗೆ ಸುರುಳಿ ಸುತ್ತಿ ಮಲಗಿರುವುದುಂಟು. ಕಚ್ಚಿದರೆ ಕಟ್ಟು ಕಟ್ಟುವುದು, ಕುಯ್ಯುವುದು, ನಾಟಿ ಮದ್ದು ಯಾವುದೂ ಬೇಡ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೊದಲ್ಲಿ ಬಂದ ದಿನ ನಿಜವಾಗಿ ಆಳು ಬೇಕಾಗುತ್ತದೆ. ಮಧ್ಯಾಹ್ನ ಮೋಡ ಕಟ್ಟಿದರೆ ಸಂಜೆಯೊಳಗೆ ಹೊಲದಲ್ಲಿ ಬಿದ್ದಿರುವುದನ್ನೆಲ್ಲ ಎತ್ತಿ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಕು. ಒಂದು ರಾತ್ರಿಯ ಜಡಿಮಳೆಗೆ ತೆನೆ ಕಪ್ಪಾಗುತ್ತದೆ, ಹುಲ್ಲೂ ಕೊಳೆಯುತ್ತದೆ. ಅಂಥ ಸಂಜೆ ನಾಲ್ಕು ಗಂಟೆ ಓಡಾಡಿದವರ ಹೆಸರನ್ನು ಊರು ಮರೆಯುವುದಿಲ್ಲ. ಇನ್ನು ರಸ್ತೆಯ ಮೇಲೆ ರಾಗಿ ಹರಡಿ ವಾಹನಗಳ ಚಕ್ರದಡಿ ಒಕ್ಕುವುದು ಕಂಡರೆ ಬೈಕು ಸವಾರರು ನಿಧಾನಿಸಿ. ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ಕಣವಿಲ್ಲದ ರೈತ ರಸ್ತೆಗೆ ಬಂದಿದ್ದಾನೆ, ಅದು ತಪ್ಪು ಕೂಡ ಹೌದು. ವಾದ ಮಾಡುವ ಜಾಗ ಮಾತ್ರ ಅದಲ್ಲ.

ಒಂದು ಎಚ್ಚರ. ಕೂಲಿಗೆ ಜನ ಸಿಗುವ ದೊಡ್ಡ ಹಿಡುವಳಿಯ ಹೊಲದಲ್ಲಿ ನೀವು ಬಿಟ್ಟಿ ದುಡಿದರೆ ಯಾರೋ ಒಬ್ಬ ಹೆಂಗಸಿನ ಆ ದಿನದ ಕೂಲಿ ಹೋಯಿತು. ಕೂಲಿ ಕೊಡಲು ಆಗದವರ, ಆಳು ಸಿಗದವರ ಹೊಲವನ್ನೇ ಹುಡುಕಿ.

ಹುಳಿನ ಮನೆ ಇನ್ನೂ ಸೂಕ್ಷ್ಮ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ಜ್ವರ ಎನ್ನುತ್ತಾರೆ. ಜ್ವರಕ್ಕೆ ಹೋದಾಗ ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ, ಸೊಪ್ಪು ಹಾಕುವ ಹಾಗಿಲ್ಲ. ನಾಲ್ಕನೆಯ ಜ್ವರ ಎದ್ದ ಮೇಲೆ ಹಸಿವೋ ಹಸಿವು. ಹುಳು ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಈ ಕೊನೆಯ ವಾರದಲ್ಲೇ ಹೋಗುತ್ತದೆ. ರಾತ್ರಿ ಹುಳಿನ ಮನೆಯಲ್ಲಿ ಸುಮ್ಮನೆ ನಿಂತರೆ ಹೊರಗೆ ಸೋನೆ ಹಿಡಿದಂತೆ ಸದ್ದು. ನಾನು ಮೊದಲ ಸಲ ಬಾಗಿಲ ಕಡೆ ತಿರುಗಿ ನೋಡಿದ್ದೆ. ಅದು ಸೊಪ್ಪು ಮೇಯುವ ಸದ್ದು.

ಹಿಪ್ಪುನೇರಳೆ ತೋಟದಿಂದ ಸೊಪ್ಪು ಕೊಯ್ದು ಹೊರುವುದಕ್ಕೆ ಆಗ ಕೈ ಬೇಕು. ಅದಕ್ಕಿಂತ ಹೆಚ್ಚು ಕೈ ಬೇಕಾಗುವುದು ಹುಳು ಹಣ್ಣಾದ ದಿನ. ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಗಾಜಿನಂತೆ ಕಾಣುವ ಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅವು ಸೊಪ್ಪಿನ ಮೇಲೇ ನೂಲು ಬಿಟ್ಟು ಕಳೆದುಹೋಗುತ್ತವೆ. ಇಡೀ ಮನೆ, ನೆಂಟರು, ಪಕ್ಕದ ಮನೆಯವರು ಎಲ್ಲ ಕೂತು ಆರಿಸುವ ಹೊತ್ತು ಅದು. ಮುಯ್ಯಾಳಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆ ದಿನ ಯಾವಾಗ ಬರುತ್ತದೆಂದು ರೈತರು ವಾರ ಮೊದಲೇ ಹೇಳಬಲ್ಲರು. ಕೇಳಿಕೊಂಡೇ ಹೋಗಿ.

ನಿಯಮ ಇಷ್ಟು. ಸೆಂಟು, ಸೊಳ್ಳೆ ಬತ್ತಿ, ಕ್ರೀಮು, ಬೀಡಿ ಸಿಗರೇಟು, ಹೊಗೆಸೊಪ್ಪು ಮುಟ್ಟಿದ ಕೈ ಯಾವುದೂ ಒಳಗೆ ಹೋಗಬಾರದು. ಬಾಗಿಲಲ್ಲಿ ಸೋಂಕು ನಿವಾರಕ ಇಟ್ಟಿರುತ್ತಾರೆ, ಕೈಕಾಲು ತೊಳೆದೇ ಒಳಗೆ ಕಾಲಿಡಬೇಕು. ಒಂದು ಹುಳಿನ ಮನೆಯಿಂದ ನೇರ ಇನ್ನೊಂದಕ್ಕೆ ಹೋಗುವಂತಿಲ್ಲ, ರೋಗ ಹೊತ್ತುಕೊಂಡು ಹೋಗುವುದು ನೀವೇ. ಬಾಗಿಲು ತೆರೆದು ನಿಂತು ಹರಟಿದರೆ ಊಜಿ ನೊಣ ನುಗ್ಗುತ್ತದೆ. ಡಿಸೆಂಬರ್ ಚಳಿಯಲ್ಲಿ ಒಳಗಿನ ಕಾವು 25 ಡಿಗ್ರಿ ಆಸುಪಾಸು ಉಳಿಸಿಕೊಳ್ಳಲು ಅವರು ಪಡುವ ಪಾಡು ನೋಡಿದರೆ ಬಾಗಿಲು ಹಾಕುವುದನ್ನು ತಾನಾಗಿ ಕಲಿಯುತ್ತೀರಿ. ಗೂಡು ಬಿಡಿಸಿದ ದಿನ ಅವರ ಜೊತೆ ರಾಮನಗರದ ಗೂಡಿನ ಮಾರುಕಟ್ಟೆಗೂ ಹೋಗಿ ಬನ್ನಿ. ಹರಾಜಿನ ಪರದೆಯ ಮೇಲೆ ಕಿಲೋ ದರ ಬೀಳುವಾಗ ರೈತನ ಮುಖ ನೋಡಿದವರು ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡುವುದು ಕಷ್ಟ.

ಕಾಡಂಚಿನಲ್ಲಿ ಮಾಡಬಾರದ್ದೇ ಹೆಚ್ಚು

ಕನಕಪುರ ತಾಲ್ಲೂಕಿನ ಅರ್ಧ ಊರುಗಳ ಬೆನ್ನಿಗೆ ಕಾಡಿದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ಕಾವೇರಿ ವನ್ಯಧಾಮದಿಂದ ಆನೆಗಳು ರಾಗಿಯ ಕಾಲಕ್ಕೆ ಹೊಲಕ್ಕಿಳಿಯುತ್ತವೆ, ಚನ್ನಪಟ್ಟಣದ ಕಡೆಗೂ ದಾಟುತ್ತವೆ. ಅಟ್ಟಣೆ ಮೇಲೆ ಕೂತು ರಾತ್ರಿ ಕಾವಲು ಕಾಯುವ ರೈತನ ಜೊತೆ ಕೂರುವ ಆಸೆ ಕೆಲವರಿಗೆ. ಬೇಡ. ಆನೆ ಓಡಿಸುವುದು ಸ್ವಯಂಸೇವಕರ ಕೆಲಸವಲ್ಲ. ಸಂಜೆ ಆರರ ಮೇಲೆ ಊರಾಚೆ ನಡೆದಾಡಬೇಡಿ, ಆನೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ನೀವು ಮಾಡಬಹುದಾದದ್ದು ಹಗಲಿನ ಕೆಲಸ. ಬೆಳೆ ತುಳಿದು ಹೋದ ರೈತನಿಗೆ ಪರಿಹಾರದ ಅರ್ಜಿ ತುಂಬಿಕೊಡಿ, ಪಹಣಿ, ಫೋಟೊ, ಬ್ಯಾಂಕ್ ಪುಸ್ತಕದ ಪ್ರತಿ ಜೋಡಿಸಿ, ಅರಣ್ಯ ಕಚೇರಿಯಲ್ಲಿ ಸ್ವೀಕೃತಿ ಪಡೆಯುವವರೆಗೆ ಜೊತೆಗಿರಿ. ಒಂದು ಅರ್ಜಿಗೆ ಒಂದು ದಿನವೇ ಹೋಗುತ್ತದೆ. ಇದರಲ್ಲಿ ರೋಮಾಂಚನ ಇಲ್ಲ, ಆದರೆ ಇಡೀ ವಾರದಲ್ಲಿ ಇಷ್ಟು ಉಪಯೋಗದ ಕೆಲಸ ಇನ್ನೊಂದು ಸಿಗುವುದು ಅಪರೂಪ.

ರಾಮದೇವರ ಬೆಟ್ಟವನ್ನು ಜನ 1975ರ ‘ಶೋಲೆ’ಗಾಗಿ ನೆನೆಯುತ್ತಾರೆ. 2012ರಿಂದ ಅದು 346 ಹೆಕ್ಟೇರಿನ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದು ಬಂಡೆಯ ಅಂಚಿನಲ್ಲಿ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು ಇದೇ ಚಳಿಗಾಲದಲ್ಲಿ. ಕೂಗು, ಡ್ರೋನು, ಬಂಡೆ ಹತ್ತುವುದು ಬೇಡ. ಹದ್ದಿಗೆ ನೆರವಾಗಬೇಕಾದರೆ ಸುತ್ತಲ ಹಳ್ಳಿಯ ದನ ಸಾಕುವವರ ಬಳಿ ಕೂತು ಮಾತಾಡಿ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತದೆ. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದಕ್ಕೆ ನಿಷೇಧ ಬಂತು. ಬದಲಿಗೆ ಮೆಲಾಕ್ಸಿಕ್ಯಾಮ್ ಇದೆ, ಪಶುವೈದ್ಯರನ್ನು ಕೇಳಬಹುದು.

ಹಕ್ಕಿ ಎಣಿಸುವುದೂ ಕ್ರಿಸ್‌ಮಸ್ಸಿಗೆ ಒಪ್ಪುವ ಕೆಲಸವೇ. ಅಮೆರಿಕದಲ್ಲಿ ಹಬ್ಬದ ದಿನ ಯಾರು ಹೆಚ್ಚು ಹಕ್ಕಿ ಹೊಡೆಯುತ್ತಾರೆ ಎಂಬ ಪಂದ್ಯ ನಡೆಯುತ್ತಿತ್ತು. ಹೊಡೆಯುವುದು ಬಿಟ್ಟು ಎಣಿಸೋಣ ಎಂದು 1900ರ ಕ್ರಿಸ್‌ಮಸ್ ದಿನ ಫ್ರಾಂಕ್ ಚಾಪ್ಮನ್ 27 ಜನರನ್ನು ಸೇರಿಸಿಕೊಂಡ. ಆ ಎಣಿಕೆ ಇಂದಿಗೂ ನಡೆದಿದೆ. ನಮ್ಮಲ್ಲಿ ಜನವರಿಗೆ ನೀರುಹಕ್ಕಿ ಗಣತಿ. ಅದಕ್ಕೆ ಮೊದಲು ಕಣ್ವ ಜಲಾಶಯದ ದಡದಲ್ಲಿ ಎರಡು ಬೆಳಗು ಕೂತು ಕೈ ಪಳಗಿಸಿಕೊಳ್ಳಿ.

ಮಕ್ಕಳ ಬಳಿ ಹೋಗುವವರಿಗೆ

ಸ್ಫೂರ್ತಿ ಭಾಷಣ ಬೇಡ. ಈ ಮಕ್ಕಳು ವರ್ಷಕ್ಕೆ ಹತ್ತು ಕೇಳಿರುತ್ತಾರೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸಂಜೆ ಅಲ್ಲಿ ಕೂತು ದಿನಕ್ಕೊಂದು ಕತೆ ಗಟ್ಟಿಯಾಗಿ ಓದಿ, ಹರಿದ ಪುಸ್ತಕಗಳಿಗೆ ಬೈಂಡ್ ಹಾಕಿ, ಪಟ್ಟಿ ಬರೆದುಕೊಡಿ. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಹೆದರುವ ಐದು ಮಕ್ಕಳನ್ನು ಮೇಷ್ಟ್ರು ತೋರಿಸಿದರೆ ಆ ಐವರ ಜೊತೆ ಏಳು ದಿನ ಕೂರಿ, ಇಡೀ ತರಗತಿ ಬೇಡ.

ವಸತಿ ನಿಲಯ, ಮಕ್ಕಳ ಪಾಲನಾ ಕೇಂದ್ರಗಳಿಗೆ ಹೋಗುವುದಾದರೆ ಲಿಖಿತ ಅನುಮತಿ ಇರಲೇಬೇಕು. ಪಾಲನೆಯಲ್ಲಿರುವ ಮಕ್ಕಳ ಗುರುತು ಸಿಗುವಂಥ ಫೋಟೊ ಹಾಕುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧ. ಸಾಂತಾ ಟೋಪಿ ಹಾಕಿಸಿ ಗುಂಪು ಸೆಲ್ಫಿ ತೆಗೆದರೂ ಅಪರಾಧವೇ. ಒಂದು ಕಡೆ ವಾರ್ಡನ್ ನನಗೆ ಒಂದು ಕೋಣೆ ತೆರೆದು ತೋರಿಸಿದ್ದರು. ಸೂರಿನವರೆಗೆ ಟೆಡ್ಡಿ ಬೇರು, ಜರಿ ಫ್ರಾಕು, ಮಂಡಿ ಹರಿದ ಜೀನ್ಸು. "ಇಷ್ಟು ಜನ ಬರ್ತಾರೆ ಸಾರ್, ಒಬ್ರಾದ್ರೂ ಹವಾಯಿ ಚಪ್ಪಲಿ ತಂದುಕೊಡಲ್ಲ" ಎಂದರು. ಹೋಗುವ ಮೊದಲು ಪಟ್ಟಿ ಕೇಳಿ. ಸ್ವೆಟರು, ತಲೆಗೆ ಕೊಬ್ಬರಿ ಎಣ್ಣೆ, ಒಳ ಉಡುಪು, ಸ್ಯಾನಿಟರಿ ಪ್ಯಾಡು ಅದರಲ್ಲಿರುವ ಸಂಭವ ಹೆಚ್ಚು.

ಆಟಿಕೆಯೇ ಕೊಡಬೇಕೆಂದಿದ್ದರೆ ಚನ್ನಪಟ್ಟಣದಲ್ಲಿ ಇಳಿದು ಕುಶಲಕರ್ಮಿಯಿಂದ ನೇರ ಕೊಳ್ಳಿ. ಆಲೆ ಮರವನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ಅರಗಿನ ಕಡ್ಡಿ ಒತ್ತಿದರೆ ಆ ಕಾವಿಗೇ ಬಣ್ಣ ಕರಗಿ ಹತ್ತುತ್ತದೆ, ತಾಳೆಗರಿ ಒತ್ತಿದರೆ ಹೊಳಪು. ನಿಮಗೆ ಆ ಕೈಚಳಕ ಒಂದು ವಾರದಲ್ಲಿ ಬರುವುದಿಲ್ಲ. ಆದರೆ ಒಳ್ಳೆಯ ಬೆಳಕಿನಲ್ಲಿ ಗೊಂಬೆಗಳ ಫೋಟೊ ತೆಗೆದು, ಅಳತೆ ಬೆಲೆ ಬರೆದು, ವಾಟ್ಸಾಪ್ ಕ್ಯಾಟಲಾಗು ಮಾಡಿಕೊಟ್ಟರೆ ಮಧ್ಯವರ್ತಿಯ ಹಂಗಿಲ್ಲದೆ ನಾಲ್ಕು ಆರ್ಡರು ಹೆಚ್ಚು ಬರಬಹುದು. ಕಂಪ್ಯೂಟರ್ ಕೆಲಸದವರಿಗೆ ಇದು ಹೇಳಿ ಮಾಡಿಸಿದ್ದು. ಯಂತ್ರದ ಹತ್ತಿರ ಶಾಲು, ದುಪಟ್ಟಾ ಹಾರಾಡದಿರಲಿ.

ಹಬ್ಬ ಬಿಡಬೇಕಾಗಿಲ್ಲ

ಮನೆ ಬಿಟ್ಟು ಬಂದ ಕ್ರೈಸ್ತರು 24ರ ರಾತ್ರಿ ಒಂಟಿಯಾಗಬೇಕಿಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆ ತಲೆಮಾರುಗಳಿಂದ ಕಥೋಲಿಕರ ಊರು. ಕನ್ನಡದಲ್ಲೇ ಪೂಜೆ, ಕನ್ನಡದಲ್ಲೇ ಹಾಡು, ರಾಗಿ ಬೆಳೆಯುವ ಕೈಗಳೇ ಕಟ್ಟಿದ ಗೋದಲಿ. ಗೋದಲಿ ಕಟ್ಟುವುದು, ಜನ ಸೇರಿದಾಗ ವಾಹನ ನಿಲ್ಲಿಸುವ ವ್ಯವಸ್ಥೆ, ಊಟ ಬಡಿಸುವುದು, ಎಲ್ಲಕ್ಕೂ ಕೈ ಬೇಕಾಗುತ್ತದೆ. ಮೊದಲು ಗುರುಗಳನ್ನು ಕಂಡು ಕೇಳಿ. ಬೇರೆ ಧರ್ಮದವರೂ ಹಿಂದೆ ಕೂತು ನೋಡಬಹುದು, ಪರಮಪ್ರಸಾದಕ್ಕೆ ಮಾತ್ರ ಸಾಲಿನಲ್ಲಿ ನಿಲ್ಲಬಾರದು.

ಜನವರಿ 1ರ ಬೆಳಗ್ಗೆ ಇನ್ನೊಂದು ಕೆಲಸ ಕಾದಿರುತ್ತದೆ. ಹಿಂದಿನ ರಾತ್ರಿಯ ಗುರುತುಗಳು ಸಾವನದುರ್ಗದ ಬುಡ, ಮಂಚನಬೆಲೆ, ಸಂಗಮದ ದಾರಿಯಲ್ಲೆಲ್ಲ ಬಿದ್ದಿರುತ್ತವೆ. ಒಡೆದ ಬಾಟಲಿಗೆ ದಪ್ಪ ಕೈಗವಸು, ಗೋಣಿಚೀಲ ಬೇಕು, ತೆಳು ಪ್ಲಾಸ್ಟಿಕ್ ಚೀಲ ಹರಿಯುತ್ತದೆ. ಆರಿಸಿದ್ದನ್ನು ಸುಡದೆ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ ತಲುಪಿಸಲು ಮೊದಲೇ ಮಾತಾಡಿಕೊಳ್ಳಿ. ನೀರಿಗೆ ಇಳಿಯಬೇಡಿ. ಮಂಚನಬೆಲೆ, ಮೇಕೆದಾಟು ಎರಡೂ ಕಡೆ ಈಜು ಬಲ್ಲವರೇ ಮುಳುಗಿದ್ದಾರೆ.

ಹೊರಡುವ ಮುಂಚೆ

ರಾಮನಗರ, ಚನ್ನಪಟ್ಟಣಕ್ಕೆ ಮೈಸೂರು ಮಾರ್ಗದ ರೈಲಿದೆ. ಕನಕಪುರ, ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್ ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಳ್ಳಿಯ ಕೊನೇ ಬಸ್ಸಿನ ಹೊತ್ತನ್ನು ಫೋನಿನಲ್ಲಿ ನೋಡಬೇಡಿ, ಟೀ ಅಂಗಡಿಯಲ್ಲಿ ಕೇಳಿ.

ಚೀಲದಲ್ಲಿ ಟಾರ್ಚು, ರಗ್ಗು, ಮುಚ್ಚಿದ ಶೂ, ನಿಮ್ಮದೇ ತಟ್ಟೆ ಲೋಟ ಇರಲಿ. ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಟಿ.ಟಿ. ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷವಾಯಿತು ನೋಡಿಕೊಳ್ಳಿ. ಊಟ ಮುದ್ದೆ, ಅವರೆಕಾಳು ಸಾರು. ಚಪಾತಿ ಕೇಳಿ ಮನೆಯ ಹೆಂಗಸರಿಗೆ ಹೆಚ್ಚಿನ ಕೆಲಸ ಹಚ್ಚಬೇಡಿ. ಉಳಿದುಕೊಂಡ ಮನೆಗೆ ದುಡ್ಡು ಕೊಡಹೋದರೆ ಬೇಜಾರಾಗುತ್ತಾರೆ. ವಾರದ ಸಂತೆಯಿಂದ ಎಣ್ಣೆ, ಬೇಳೆ, ಬೆಲ್ಲ ತಂದು ಅಡುಗೆಮನೆಯಲ್ಲಿಟ್ಟರೆ ಯಾರೂ ಏನೂ ಅನ್ನುವುದಿಲ್ಲ.

ಹೊರಡುವ ದಿನ ಅಜ್ಜಿ ಒಂದು ಚೀಲ ಅವರೆಕಾಯಿ ತಂದು ಕೈಗಿಡುತ್ತಾರೆ. ಬೇಡ ಎನ್ನಬೇಡಿ. ಸೊಗಡಿನ ಜಿಡ್ಡು ಪಕ್ಕದವರ ಬಟ್ಟೆಗೆ ಹತ್ತದಂತೆ ಬಸ್ಸಿನಲ್ಲಿ ಕಾಲಡಿ ಇಟ್ಟುಕೊಳ್ಳಿ. ಅವತ್ತೇ ರಾತ್ರಿ ಸುಲಿದುಬಿಡಿ, ಕಟ್ಟಿಟ್ಟರೆ ಬೆವೆತು ಕೆಡುತ್ತದೆ. ಹುಳು ಮುಂದಿನ ಸಲ ಯಾವಾಗ ಹಣ್ಣಾಗುತ್ತದೆ ಎಂದು ಬಸ್ಸು ಹತ್ತುವ ಮೊದಲೇ ಕೇಳಿಕೊಂಡಿರಿ.